ಡೆನಿಮ್ ಕಡಲಿನ ಮೇಲೆ ಕ್ಷಿಪಣಿ ದೋಣಿಗಳ ಕಾಳಗ: ಕಟ್ಟುವುದು, ಆಡುವುದು

ಬಳ್ಳಾರಿಗೆ ಕಡಲು ದೂರ, ಕಡಲ ಬಣ್ಣದ ಬಟ್ಟೆಗೆ ಮಾತ್ರ ಬರವಿಲ್ಲ. ಜೀನ್ಸ್ ಹೊಲಿಯುವ ಕಡೆ ಉಳಿದ ಡೆನಿಮ್ ತುಂಡುಗಳನ್ನು 120 × 180 ಸೆಂ.ಮೀ. ಆಗುವಂತೆ ಜೋಡಿಸಿ. ಸ್ಟ್ರೆಚ್ ಬಟ್ಟೆ ಬೇಡ. ಅಳತೆಪಟ್ಟಿ ಒತ್ತಿದಾಗ ಎರಡು ಸೆಂಟಿಮೀಟರ್ ಜಗ್ಗಿತೆಂದರೆ ನಮ್ಮ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಕಡಲು ಕಳೆದಂತೆ. ನೀರಲ್ಲಿ ನೆನೆಸಿ, ಕುಗ್ಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿಸಿ.

ಆಟದ ರೀತಿ 1970ರ ದಶಕದ್ದು: ಕಾಗದ, ಅಳತೆಪಟ್ಟಿ, ಎರಡು ದಾಳ. ಸಂದರ್ಭ 1973ರ ಅಕ್ಟೋಬರ್ 6-7ರ ರಾತ್ರಿ ಸಿರಿಯಾದ ಲಟಾಕಿಯಾ ಬಂದರಿನ ಬಳಿ ನಡೆದ ಕಾಳಗ. ಸಿರಿಯಾದ ಸೋವಿಯತ್ ದೋಣಿಗಳ ಸ್ಟಿಕ್ಸ್ ಕ್ಷಿಪಣಿ ಸುಮಾರು 40 ಕಿ.ಮೀ. ಹೋಗುತ್ತಿತ್ತು, ಇಸ್ರೇಲಿನ ಗೇಬ್ರಿಯಲ್ ಅದರ ಅರ್ಧ. ಆದರೂ ಸ್ಟಿಕ್ಸ್ ಒಂದೂ ತಾಗಲಿಲ್ಲ. ಅಲ್ಯೂಮಿನಿಯಂ ಎಳೆಗಳ ಚಾಫ್ ಮೋಡ ಮತ್ತು ರೇಡಾರ್ ಅಡಚಣೆ ಅವುಗಳ ದಾರಿ ತಪ್ಪಿಸಿದವು. ಆಟದ ಜೀವ ಈ ಚಾಫ್‌ನಲ್ಲೇ ಇದೆ.

ಅಳತೆ: 1 ಸೆಂ.ಮೀ. ಅಂದರೆ 500 ಮೀಟರ್, ಒಂದು ಸುತ್ತು ಅಂದರೆ 3 ನಿಮಿಷ. ಸ್ಟಿಕ್ಸ್‌ಗೆ 80 ಸೆಂ.ಮೀ., ಗೇಬ್ರಿಯಲ್‌ಗೆ 40. ದೋಣಿಯ ವೇಗ 40 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದರೆ ಸುತ್ತಿಗೆ 7.4 ಸೆಂ.ಮೀ., 30ಕ್ಕೆ 5.6, 20ಕ್ಕೆ 3.7. ಸ್ಟಿಕ್ಸ್ ಹೆಚ್ಚುಕಡಿಮೆ ಶಬ್ದದ ವೇಗದಲ್ಲೇ ಹೋಗುವುದರಿಂದ ಬಿಟ್ಟ ಸುತ್ತಿನಲ್ಲೇ ಮುಟ್ಟುತ್ತದೆ.

ದೋಣಿಗಳನ್ನು 1:1200ರಲ್ಲಿ ಮಾಡಿ: ಸಿರಿಯಾದ ಒಸಾ 3.2 ಸೆಂ.ಮೀ., ಕೊಮಾರ್ 2.1, ಇಸ್ರೇಲಿನ ಸಾರ್ 3.75. ಎರಡು ಮಿ.ಮೀ. ರಟ್ಟು ಸಾಕು. ಮರ ಕೆತ್ತುವವರು ಬಿರುಕು ತುಂಬಲು ಕಿನ್ನಾಳದ ಆಟಿಕೆಗಾರರ ದಾರಿ ಹಿಡಿಯಬಹುದು, ಮರದ ಪುಡಿಗೆ ಹುಣಸೆಬೀಜದ ಅಂಟು ಕಲಸಿ. ಒಂದೇ ಸಲ ದಪ್ಪಗೆ ಮೆತ್ತಿದರೆ ನಮ್ಮ ಬಿಸಿಲಿಗೆ ಮೇಲ್ಪದರ ಮೊದಲು ಒಣಗಿ ಸೀಳುತ್ತದೆ. ತೆಳ್ಳಗೆ ಎರಡು ಸಲ ಹಚ್ಚಿ. ತಳಕ್ಕೆ ಕಬ್ಬಿಣದ ವಾಷರ್ ಅಂಟಿಸಿ, ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಆಡೋದು ಆಗದ ಮಾತು. ನಡುವೆ ಗುಂಡುಪಿನ್ ನೆಟ್ಟು ಎಲ್ಲ ಅಳತೆಯನ್ನೂ ಪಿನ್ನಿಂದ ಪಿನ್ನಿಗೆ ಹಿಡಿಯಿರಿ. ಮೇಜಿನ ಅಳತೆಯಲ್ಲಿ ಒಸಾದ ಮೂತಿಯಿಂದ ಬಾಲಕ್ಕೆ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಒಬ್ಬ ಮೂತಿಯಿಂದ, ಇನ್ನೊಬ್ಬ ಬಾಲದಿಂದ ಅಳೆದರೆ ಜಗಳ ಖಾತ್ರಿ.

ಸಿರಿಯಾಕ್ಕೆ ಒಂದು ಒಸಾ (4 ಕ್ಷಿಪಣಿ), ಎರಡು ಕೊಮಾರ್ (ತಲಾ 2). ಅವು ದಡದಿಂದ 25 ಸೆಂ.ಮೀ. ಪಟ್ಟಿ ಬಿಟ್ಟು ಹೊರಬರುವಂತಿಲ್ಲ. ಇಸ್ರೇಲಿಗೆ ಮೂರು ಸಾರ್, ತಲಾ 5 ಗೇಬ್ರಿಯಲ್, 3 ಚಾಫ್ ಚೀಟಿ. ನಡುವಿನ ದೂರ 80 ಸೆಂ.ಮೀ. ಹತ್ತು ಸುತ್ತು ಮುಗಿದಾಗ ಒಂದಾದರೂ ಸಿರಿಯಾ ದೋಣಿ ತೇಲುತ್ತಿದ್ದರೆ ಸಿರಿಯಾ ಗೆದ್ದಂತೆ.

ಪ್ರತಿ ಸುತ್ತಿನಲ್ಲೂ ಇಬ್ಬರೂ ಗುಟ್ಟಾಗಿ ದಿಕ್ಕು, ವೇಗ, ಯಾರ ಮೇಲೆ ಎಷ್ಟು ಕ್ಷಿಪಣಿ ಎಂದು ಬರೆದು ಒಟ್ಟಿಗೆ ತೆರೆಯಬೇಕು. ದಿಕ್ಕಿಗೆ ಗಡಿಯಾರದ ಗಂಟೆ ಬಳಸಿ, ಉತ್ತರ 12. ಮೂರು ಗಂಟೆಗಿಂತ ಹೆಚ್ಚು ತಿರುಗಿದರೆ ಆ ಸುತ್ತಿಗೆ ಅರ್ಧ ವೇಗ. ಮೊದಲು ದೋಣಿ ಸರಿಸಿ, ಆಮೇಲೆ ಕ್ಷಿಪಣಿ, ಕೊನೆಗೆ ತೋಪು. ಚಾಫ್ ಹಾರಿಸುವುದನ್ನು ದಾಳ ಉರುಳುವ ಮುಂಚೆಯೇ ಹೇಳಬೇಕು. ಒಂದು ಚೀಟಿ ಆ ದೋಣಿಯ ಮೇಲೆ ಆ ಸುತ್ತಿನಲ್ಲಿ ಬರುವ ಎಲ್ಲ ಕ್ಷಿಪಣಿಗೂ ಅನ್ವಯ.

ಪ್ರತಿ ಕ್ಷಿಪಣಿಗೆ ಎರಡು ದಾಳ: ಮೊತ್ತ 7 ಅಥವಾ ಮೇಲಿದ್ದರೆ ತಾಗಿತು, ಚಾಫ್ ಇದ್ದರೆ 10 ಬೇಕು. ತಾಗಿದರೆ ದೋಣಿ ಮುಳುಗಿದಂತೆ. ತೋಪು 8 ಸೆಂ.ಮೀ. ಒಳಗೆ, ಒಂದು ದಾಳದಲ್ಲಿ 5 ಅಥವಾ 6. ಎರಡು ಏಟಿಗೆ ದೋಣಿ ನಿಲ್ಲುತ್ತದೆ, ಮೂರಕ್ಕೆ ಮುಳುಗುತ್ತದೆ. ದಾಳದ ಬದಲು ಚೌಕಾಬಾರದ ಕವಡೆ ಬೇಡ. ಕವಡೆಯ ಬೆನ್ನು, ಹೊಟ್ಟೆ ಸಮವಾಗಿ ಬೀಳುವುದಿಲ್ಲ, ಲೆಕ್ಕವೆಲ್ಲ ಕೆಡುತ್ತದೆ.

ಹೊಸಬರು ಸಿರಿಯಾ ಹಿಡಿದರೆ ಮೊದಲ ಸುತ್ತಲ್ಲೇ ಎಂಟನ್ನೂ ಒಂದೇ ದೋಣಿಯ ಮೇಲೆ ಬಿಟ್ಟುಬಿಡುತ್ತಾರೆ. ಎದುರಾಳಿಗೆ ಒಂದೇ ಚೀಟಿ ಖರ್ಚು. ಎಂಟೂ ವ್ಯರ್ಥವಾಗುವ ಸಂಭವ ನೂರಕ್ಕೆ 23. ಅದರ ಬದಲು ಸುತ್ತಿಗೆ ಎರಡರಂತೆ ಅದೇ ದೋಣಿಗೆ ಬಿಡಿ. ಮೂರು ಸುತ್ತಲ್ಲಿ ಅದರ ಚಾಫ್ ಖಾಲಿ, ಕೊನೆಯ ಎರಡಕ್ಕೆ 7 ಸಾಕು. ಆಗ ಎಂಟೂ ತಪ್ಪುವುದು ನೂರಕ್ಕೆ 6 ಮಾತ್ರ. ಆ ಹೊತ್ತಿಗೆ 40 ನಾಟ್‌ನಲ್ಲಿ ನುಗ್ಗುವ ಸಾರ್ 50 ಸೆಂ.ಮೀ.ಗೆ ಬಂದಿರುತ್ತದೆ, ಗೇಬ್ರಿಯಲ್ ಏಟಿಗೆ ಎರಡೇ ಸುತ್ತು ಬಾಕಿ. ಇಸ್ರೇಲ್ ಆಡುವವರಿಗೂ ಇದು ತಿಳಿದಿದ್ದರೆ ಎರಡನೇ ಸುತ್ತಲ್ಲಿ ಚಾಫ್ ಹಾರಿಸದೆ ಧೈರ್ಯ ಮಾಡಬಹುದು. ಮೇಜಿನ ಸುತ್ತ ಸದ್ದಡಗುವ ಗಳಿಗೆ ಅದೇ.

ಒಬ್ಬರೇ ಆಡಲು 1971ರ ಡಿಸೆಂಬರ್ 4ರಂದು ಭಾರತೀಯ ನೌಕಾಪಡೆ ನಡೆಸಿದ ಕರಾಚಿ ದಾಳಿ ಚೆನ್ನ. ನಿಪಾತ್, ನಿರ್ಘಾತ್, ವೀರ್: ಮೂರೂ ಒಸಾ ಮಾದರಿ, ಒಟ್ಟು 12 ಕ್ಷಿಪಣಿ. ಎದುರಿಗೆ ಚಾಫ್ ಇಲ್ಲ, ಆದ್ದರಿಂದ ಸದಾ 7. ಎಂಟು ಇಸ್ಪೀಟ್ ಎಲೆ ಮಗುಚಿ ಹರಡಿ. ರಾಜ ವಿಧ್ವಂಸಕ ನೌಕೆ, ಗುಲಾಮ ಮೈನು ತೆಗೆಯುವ ಹಡಗು, ಅಂಕಿಯ ಎಲೆಗಳೆಲ್ಲ ಸರಕು ಹಡಗು. ಕ್ಷಿಪಣಿ ಬಿಟ್ಟ ಮೇಲಷ್ಟೇ ಎಲೆ ತಿರುಗಿಸಿ.