ವೈಫೈ ಇದೆ, ಇಂಟರ್ನೆಟ್ ಇಲ್ಲ: ವಿಂಡೋಸ್‌ನಲ್ಲಿ ನಾನು ಹುಡುಕುವ ಕ್ರಮ

ಇಂಟರ್ನೆಟ್ ನಿಂತ ಕೂಡಲೇ ನೆಟ್‌ವರ್ಕ್ ರೀಸೆಟ್ ಒತ್ತುವವರೇ ಹೆಚ್ಚು. ನಾನು ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ರೀಸೆಟ್ ಮಾಡಿದರೆ ಕೈಯಾರೆ ಕೊಟ್ಟಿದ್ದ ಐಪಿ (ನೆಟ್‌ವರ್ಕ್‌ನಲ್ಲಿ ಯಂತ್ರದ ವಿಳಾಸ), ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ), ಉಳಿಸಿದ್ದ ವೈಫೈ ಪಾಸ್‌ವರ್ಡ್ ಎಲ್ಲವೂ ಅಳಿಸಿಹೋಗುತ್ತವೆ. ತೊಂದರೆ ಎಲ್ಲಿತ್ತು ಎಂಬ ಸುಳಿವೂ ಅವುಗಳ ಜೊತೆಗೇ ಹೋಗುತ್ತದೆ.

ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ /ಆಲ್ (ipconfig /all) ಕೊಡುತ್ತೇನೆ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ಅದು ರೂಟರ್ ಕೊಟ್ಟದ್ದಲ್ಲ. ಯಂತ್ರಗಳಿಗೆ ಐಪಿ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಾರದೆ ವಿಂಡೋಸ್ ತಾನೇ ಹಾಕಿಕೊಂಡದ್ದು. ಇಲ್ಲಿ ಡಿಎನ್‌ಎಸ್ ಬದಲಿಸಿ ಪ್ರಯೋಜನವಿಲ್ಲ. ಕೇಬಲ್, ರೂಟರ್‌ನ ಡಿಎಚ್‌ಸಿಪಿ ಎರಡನ್ನೂ ನೋಡಿ, ಹಳೆಯ ವಿಳಾಸ ಬಿಡಲು ಐಪಿಕಾನ್ಫಿಗ್ /ರಿಲೀಸ್ (/release), ಬಳಿಕ ಹೊಸದು ಕೇಳಲು /ರಿನ್ಯೂ (/renew) ಕೊಡಬೇಕು.

ವಿಳಾಸ ಸರಿಯಿದ್ದರೆ ಡೀಫಾಲ್ಟ್ ಗೇಟ್‌ವೇಗೆ, ಅಂದರೆ ರೂಟರ್‌ನ ಐಪಿಗೆ, ಪಿಂಗ್ (ping; ಉತ್ತರ ಬರುತ್ತದೆಯೇ ನೋಡುವ ಕಮಾಂಡ್) ಮಾಡುತ್ತೇನೆ. ಇದರ ಫಲಿತಾಂಶವನ್ನು ಸಾಲು ಸಾಲಾಗಿ ಓದಲೇಬೇಕು. ರಿಪ್ಲೈ ನಮ್ಮದೇ ಐಪಿಯಿಂದ ಬಂದು, ಮುಂದೆ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೂ ವಿಂಡೋಸ್ ಕೆಳಗಡೆ 0% ಲಾಸ್ ಎಂದೇ ತೋರಿಸುತ್ತದೆ. ಬರೀ ಆ ಕೊನೆಯ ಸಾಲು ನೋಡಿದವರು ಗೇಟ್‌ವೇ ಸರಿಯಿದೆ ಎಂದುಕೊಂಡು ಬೇರೆಡೆ ಹುಡುಕತೊಡಗುತ್ತಾರೆ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಬಂದರೆ ಕಥೆ ಬೇರೆ: ರೂಟರ್ ಪಿಂಗ್‌ಗೆ ಉತ್ತರಿಸದಂತೆ ಸೆಟ್ ಆಗಿರಬಹುದು. ಆಗ ಎಆರ್‌ಪಿ -ಎ (arp -a) ಕೊಟ್ಟು, ಗೇಟ್‌ವೇ ಐಪಿಯ ಎದುರು ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ವಿಳಾಸ) ಇದೆಯೇ ನೋಡುತ್ತೇನೆ. ಇದ್ದರೆ ಸಾಮಾನ್ಯವಾಗಿ ರೂಟರ್‌ವರೆಗಿನ ದಾರಿ ಸರಿಯಾಗಿಯೇ ಇರುತ್ತದೆ.

ಮುಂದೆ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ಡಿಎನ್‌ಎಸ್ ಸರ್ವರ್ 8.8.8.8ಕ್ಕೆ ಪಿಂಗ್. ಅದು ಹೋಗಿ, ವೆಬ್‌ಸೈಟ್ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ. ಆದರೆ ಹೆಸರಿನ ಐಪಿ ಕೇಳುವ ಎನ್‌ಎಸ್‌ಲುಕಪ್ (nslookup) ಕಮಾಂಡ್ ಉತ್ತರ ಕೊಟ್ಟಿತು ಎಂದು ಡಿಎನ್‌ಎಸ್‌ ಅನ್ನು ಪೂರ್ತಿ ಬಿಟ್ಟುಬಿಡಬಾರದು. ಆ ಕಮಾಂಡ್ ವಿಂಡೋಸ್‌ನ ಕ್ಯಾಶ್ (ಉಳಿಸಿಕೊಂಡ ಹಳೆಯ ಉತ್ತರಗಳು), ಹೋಸ್ಟ್ಸ್ ಫೈಲ್ (ಹೆಸರಿಗೆ ಐಪಿ ಬರೆದಿಡುವ ಫೈಲ್) ಎರಡನ್ನೂ ದಾಟಿ ನೇರವಾಗಿ ಸರ್ವರನ್ನೇ ಕೇಳುತ್ತದೆ. ಎನ್‌ಎಸ್‌ಲುಕಪ್ ಒಂದು ಐಪಿ ಹೇಳಿ, ಅದೇ ಹೆಸರಿಗೆ ಪಿಂಗ್ ಇನ್ನೊಂದು ಐಪಿ ತೋರಿಸಿದರೆ ಕ್ಯಾಶ್ ಅಳಿಸಲು ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ (/flushdns) ಕೊಟ್ಟು, ಹೋಸ್ಟ್ಸ್ ಫೈಲ್ ತೆರೆದು ನೋಡುತ್ತೇನೆ. ದೊಡ್ಡ ಸೈಟುಗಳಿಗೆ ಹಲವು ಐಪಿ ಇರುವುದರಿಂದ ಈ ಹೋಲಿಕೆಗೆ ಚಿಕ್ಕ ಸೈಟೇ ವಾಸಿ.

ವಿಪಿಎನ್ ಹಾಕಿ ತೆಗೆದ ಯಂತ್ರವಾದರೆ ದಾರಿಗಳ ಪಟ್ಟಿ ತೋರಿಸುವ ರೂಟ್ ಪ್ರಿಂಟ್ (route print) ಕಮಾಂಡ್‌ನಲ್ಲಿ 0.0.0.0 ಸಾಲು, ಅಂದರೆ ಹೊರಗೆ ಹೋಗುವ ಡೀಫಾಲ್ಟ್ ದಾರಿ, ಎರಡಿವೆಯೇ ಎಂದೂ ನೋಡಬೇಕು. ಅವುಗಳಲ್ಲಿ ಕಡಿಮೆ ಮೆಟ್ರಿಕ್ (ದಾರಿಯ ಆದ್ಯತೆ ಹೇಳುವ ಸಂಖ್ಯೆ) ಇರುವ ದಾರಿಯನ್ನೇ ವಿಂಡೋಸ್ ಹಿಡಿಯುತ್ತದೆ. ಪಿಂಗ್ ಎಲ್ಲ ಸರಿ, ಬ್ರೌಸರ್ ಮಾತ್ರ ತೆರೆಯುತ್ತಿಲ್ಲ ಎಂದಾದರೆ ಸೆಟ್ಟಿಂಗ್ಸ್‌ನ ಪ್ರಾಕ್ಸಿ (ಬ್ರೌಸರ್‌ನ ಮಾಹಿತಿ ಹಾದುಹೋಗುವ ಮಧ್ಯವರ್ತಿ ಸರ್ವರ್) ಪುಟಕ್ಕೆ ಹೋಗಿ, ಹಳೆಯ ಪ್ರಾಕ್ಸಿ ವಿಳಾಸ ಉಳಿದಿದ್ದರೆ ಆಫ್ ಮಾಡಿ.