ಸಬ್‌ನೆಟ್‌ನ ದಾರಿ ಬದಲಿಸಬೇಕೆ? ಹಳೆಯ ರೂಟ್ ಟೇಬಲ್ ಮುಟ್ಟಬೇಡಿ

ಚಾಲನೆಯಲ್ಲಿರುವ ರೂಟ್ ಟೇಬಲ್‌ಗೆ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಗೆ) ನೇರವಾಗಿ ಕೈ ಹಾಕಿ, ಒಂದೇ ಒಂದು ಸಾಲು ಅಳಿಸಿ, ಸರ್ವರ್‌ಗಳೆಲ್ಲ ಒಟ್ಟಿಗೆ ಸಂಪರ್ಕ ಕಳೆದುಕೊಂಡಾಗ ಕಂಗಾಲಾದವರನ್ನು ನಾನು ಹಲವು ಬಾರಿ ನೋಡಿದ್ದೇನೆ. ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಭಾಗ) ಎಂದರೇನು, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಎಂದರೇನು ಎಂಬುದು ಅವರಿಗೆಲ್ಲ ಚೆನ್ನಾಗಿಯೇ ಗೊತ್ತಿತ್ತು. ಆ ಟೇಬಲ್ಲನ್ನು ನೆಚ್ಚಿಕೊಂಡ ಸಬ್‌ನೆಟ್‌ಗಳು ಇನ್ನೆಷ್ಟಿವೆ ಎಂದು ಮಾತ್ರ ಅವರು ನೋಡಿರಲಿಲ್ಲ.

ಇಲ್ಲಿ ಅಮೆಜಾನ್ ವೆಬ್ ಸರ್ವೀಸಸ್ ಎಂಬ ಕ್ಲೌಡ್ ಸೇವೆಯ ಖಾತೆಯ ರೂಢಿಯಂತೆ ವಿವರಿಸುತ್ತೇನೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿಯೂ ರೂಟ್ ಟೇಬಲ್ಲನ್ನು ಸಬ್‌ನೆಟ್‌ಗೇ ಜೋಡಿಸುತ್ತಾರೆ. ಗೂಗಲ್ ಕ್ಲೌಡ್‌ನಲ್ಲಿ ಮಾರ್ಗಗಳು ಇಡೀ ನೆಟ್‌ವರ್ಕ್‌ಗೆ ಸೇರಿರುವುದರಿಂದ ಈ ಕ್ರಮ ಅಲ್ಲಿಗೆ ಹೊಂದುವುದಿಲ್ಲ.

ನಿಮ್ಮ ವಿಪಿಸಿಯ (ಕ್ಲೌಡ್‌ನಲ್ಲಿ ನಿಮಗೇ ಮೀಸಲಾದ ನೆಟ್‌ವರ್ಕ್‌ನ) ವಿಳಾಸಗಳ ವ್ಯಾಪ್ತಿ 10.0.0.0/16 ಎಂದುಕೊಳ್ಳಿ. ಅದರೊಳಗೆ 10.0.1.0/24 ಎಂಬ ಸಬ್‌ನೆಟ್‌ನಲ್ಲಿ ವೆಬ್ ಸರ್ವರ್‌ಗಳು, 10.0.2.0/24 ಎಂಬ ಸಬ್‌ನೆಟ್‌ನಲ್ಲಿ ಡೇಟಾಬೇಸ್ ಇವೆ. ಎರಡೂ ಈಗ ಸಾರ್ವಜನಿಕ. ಎರಡನೆಯದನ್ನು ಖಾಸಗಿ ಮಾಡಬೇಕು: ಹೊರಗಿನಿಂದ ಯಾರೂ ಅದನ್ನು ತಲುಪಬಾರದು, ಅದು ಮಾತ್ರ ನವೀಕರಣಗಳಿಗಾಗಿ ನ್ಯಾಟ್ ಗೇಟ್‌ವೇ (ಒಳಗಿನವರನ್ನು ತನ್ನ ವಿಳಾಸದಿಂದ ಹೊರಗೆ ಕಳಿಸುವ, ಹೊರಗಿನವರನ್ನು ಒಳಗೆ ಬಿಡದ ಬಾಗಿಲು) ಮೂಲಕ ಹೊರಗೆ ಹೋಗಬೇಕು. ಸಬ್‌ನೆಟ್ಟನ್ನು ಸಾರ್ವಜನಿಕವಾಗಿಸುವುದು 0.0.0.0/0 (ಬೇರೆ ಸಾಲಿಗೆ ಸೇರದ ಎಲ್ಲ ವಿಳಾಸಗಳು) ಎಂಬ ಸಾಲು ಇಂಟರ್‌ನೆಟ್ ಗೇಟ್‌ವೇ ಕಡೆಗೆ ತೋರಿಸುತ್ತಿರುವುದು, ಅಷ್ಟೇ.

1. ಈಗ ಏನಿದೆ ಎಂದು ನೋಡಿ

ಒಂದು ಸಬ್‌ನೆಟ್‌ಗೆ ಒಂದು ಹೊತ್ತಿನಲ್ಲಿ ಒಂದೇ ಟೇಬಲ್. ಆದರೆ ಒಂದು ಟೇಬಲ್ ಎಷ್ಟೋ ಸಬ್‌ನೆಟ್‌ಗಳಿಗೆ ಸೇರಿರಬಹುದು. ಯಾವ ಟೇಬಲ್ಲನ್ನೂ ಜೋಡಿಸದ ಸಬ್‌ನೆಟ್‌ಗಳು ತಾವಾಗಿಯೇ ಮುಖ್ಯ ಟೇಬಲ್ಲಿನ ಕೆಳಗೆ ಬರುತ್ತವೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮುಖ್ಯ ಟೇಬಲ್ಲಿನಲ್ಲಿ ವಿಪಿಸಿಯೊಳಗಿನ ಸ್ಥಳೀಯ ಸಾಲಿನ ಹೊರತು ಇನ್ನೇನೂ ಇರಬಾರದು ಎಂಬುದು ನನ್ನ ಖಚಿತ ನಿಲುವು. ಆಗ ಮರೆತುಹೋದ ಸಬ್‌ನೆಟ್ ತೆರೆದ ಬಾಗಿಲಾಗದೆ ಮುಚ್ಚಿದ ಕೋಣೆಯಾಗಿ ಉಳಿಯುತ್ತದೆ.

2. ನ್ಯಾಟ್ ಗೇಟ್‌ವೇ ಮಾಡಿ

ಅದನ್ನು 10.0.1.0/24ರಲ್ಲಿ ಇಡಿ, ಸ್ಥಿರ ಸಾರ್ವಜನಿಕ ವಿಳಾಸ ಕೊಡಿ. ಖಾಸಗಿ ಮಾಡಲಿರುವ ಸಬ್‌ನೆಟ್‌ನಲ್ಲಿಯೇ ಇಟ್ಟರೆ ಅದಕ್ಕೇ ಹೊರದಾರಿ ಇರುವುದಿಲ್ಲ. ಗೇಟ್‌ವೇಗೆ ಗಂಟೆಯ ಲೆಕ್ಕದಲ್ಲಿಯೂ ಹಾದುಹೋದ ಗಿಗಾಬೈಟ್‌ಗಳ ಲೆಕ್ಕದಲ್ಲಿಯೂ ಹಣ ತೆರಬೇಕು. ಆ ಖರ್ಚು ಉಳಿಸಲು ಕೆಲವರು ಅಮೆಜಾನ್ ಹಿಂದೆ ಕೊಡುತ್ತಿದ್ದ ನ್ಯಾಟ್ ಇಮೇಜ್ (ಸರ್ವರ್‌ನ ಸಿದ್ಧ ಅಚ್ಚು) ಬಳಸಿ ಸಣ್ಣ ಸರ್ವರ್ ನಿಲ್ಲಿಸುತ್ತಾರೆ. ಅದು ಅಮೆಜಾನ್ ಲಿನಕ್ಸ್ 2018.03 ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ನಿಂತದ್ದು. ಅದರ ಬೆಂಬಲ 2023ರ ಡಿಸೆಂಬರ್ 31ಕ್ಕೆ ಮುಗಿದಿದೆ. ಡೇಟಾಬೇಸ್‌ನ ಮುಂದೆ ಅದನ್ನು ನಿಲ್ಲಿಸಬೇಡಿ.

3. ಹೊಸ ಟೇಬಲ್ ಬರೆಯಿರಿ

ಸ್ಥಳೀಯ ಸಾಲು ತಾನಾಗಿ ಬರುತ್ತದೆ. 0.0.0.0/0ಯನ್ನು ನ್ಯಾಟ್ ಕಡೆಗೆ ತಿರುಗಿಸಿ. ಉಳಿದ ಸಾಲುಗಳನ್ನು ಹಳೆಯ ಟೇಬಲ್ಲಿನಿಂದ ಒಂದೊಂದಾಗಿ ನಕಲು ಮಾಡಿ. ಮೂರು ಸಾಲುಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ.

ಮೊದಲನೆಯದು ಎಸ್3 ಗೇಟ್‌ವೇ ಎಂಡ್‌ಪಾಯಿಂಟ್, ಅಂದರೆ ಅಮೆಜಾನ್‌ನ ಸಂಗ್ರಹ ಸೇವೆಯಾದ ಎಸ್3ಗೆ ನ್ಯಾಟ್ ಬಳಸದೆ ಹೋಗುವ ದಾರಿ. ಅದರ ಸಾಲನ್ನು ಟೇಬಲ್ಲಿನಲ್ಲಿ ಕೈಯಿಂದ ಬರೆಯಲಾಗದು. ಎಂಡ್‌ಪಾಯಿಂಟ್‌ನ ಪುಟಕ್ಕೆ ಹೋಗಿ ಹೊಸ ಟೇಬಲ್ಲನ್ನು ಆರಿಸಬೇಕು. ಮರೆತರೆ ಮೇಲ್ನೋಟಕ್ಕೆ ಏನೂ ಕೆಡುವುದಿಲ್ಲ. ಬ್ಯಾಕಪ್‌ಗಳೆಲ್ಲ ನ್ಯಾಟ್ ಮೂಲಕವೇ ಹರಿಯತೊಡಗುತ್ತವೆ, ತಿಂಗಳ ಕೊನೆಗೆ ಬಿಲ್ ಬಂದಾಗ ಗೊತ್ತಾಗುತ್ತದೆ. ಎರಡನೆಯದು ವಿಪಿಎನ್ (ಕಚೇರಿಯಂಥ ಹೊರಗಿನ ನೆಟ್‌ವರ್ಕ್‌ನೊಡನೆ ಗುಪ್ತ ಸಂಪರ್ಕ): ಮಾರ್ಗಗಳು ತಾವಾಗಿ ಸೇರಿಕೊಳ್ಳುವ ಆಯ್ಕೆಯನ್ನು ಪ್ರತಿ ಟೇಬಲ್ಲಿನಲ್ಲಿಯೂ ಬೇರೆಯಾಗಿ ಒತ್ತಬೇಕು. ಮೂರನೆಯದು ಐಪಿವಿ6, ಅಂದರೆ ಐಪಿವಿ4ರ ನಂತರ ಬಂದ ಹೊಸ ಬಗೆಯ ವಿಳಾಸಗಳು. ಹಳೆಯ ಟೇಬಲ್ಲಿನ ::/0 (ಐಪಿವಿ6ರಲ್ಲಿ 0.0.0.0/0ಕ್ಕೆ ಸಮನಾದ) ಸಾಲನ್ನು ಹಾಗೆಯೇ ನಕಲು ಮಾಡಿದರೆ ಐಪಿವಿ4ಕ್ಕೆ ಮುಚ್ಚಿದ ಬಾಗಿಲು ಐಪಿವಿ6ಕ್ಕೆ ತೆರೆದೇ ಇರುತ್ತದೆ. ಅದನ್ನು ಹೊರಹೋಗಲು ಮಾತ್ರ ಬಿಡುವ ಗೇಟ್‌ವೇಗೆ ತಿರುಗಿಸಿ.

4. ಜೋಡಣೆ ಬದಲಿಸಿ

ಇದಕ್ಕೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಆ ಸರ್ವರ್ ಒಳಗೆ ಹೋಗುತ್ತಿರುವುದು ಹೇಗೆ? ಅದರ ಸಾರ್ವಜನಿಕ ವಿಳಾಸಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡುತ್ತಿದ್ದರೆ, ಟೇಬಲ್ ಬದಲಾದ ಕ್ಷಣ ನೀವು ಹೊರಗೆ ಉಳಿಯುತ್ತೀರಿ. ನೀವು ಕಳಿಸಿದ್ದು ಇಂಟರ್‌ನೆಟ್ ಗೇಟ್‌ವೇ ಮೂಲಕ ಒಳಗೆ ತಲುಪುತ್ತದೆ, ಆದರೆ ಸರ್ವರ್‌ನ ಉತ್ತರ ಹೊಸ ಟೇಬಲ್ಲಿನಂತೆ ನ್ಯಾಟ್ ಕಡೆಗೆ ಹೋಗುತ್ತದೆ. ಆ ಸಂಪರ್ಕದ ದಾಖಲೆ ನ್ಯಾಟ್ ಬಳಿ ಇಲ್ಲ. ಉತ್ತರ ನಿಮ್ಮನ್ನು ತಲುಪುವುದೇ ಇಲ್ಲ. ಸರ್ವರ್ ಕೆಟ್ಟಿದೆ ಎಂದು ತಿಳಿದು ಅದನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿದವರನ್ನು ನಾನು ಬಲ್ಲೆ. ಹಾಗಾಗಿ 10.0.1.0/24ರಲ್ಲಿ ಒಂದು ನಡುವಣ ಸರ್ವರ್ ಇಟ್ಟುಕೊಂಡು ಅದರ ಮೂಲಕ ಹೋಗಿ, ಇಲ್ಲವೆ ಸೆಷನ್ ಮ್ಯಾನೇಜರ್ (ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ಅಮೆಜಾನ್ ಕೊಡುವ ಸೇವೆ) ಬಳಸಿ. ಎರಡನೆಯದೇ ನನಗೆ ಇಷ್ಟ: ಅದರ ಸಂಪರ್ಕ ಒಳಗಿನಿಂದ ಹೊರಕ್ಕೆ 443ನೆಯ ಪೋರ್ಟ್‌ನಲ್ಲಿ ಹೋಗುವುದರಿಂದ ನ್ಯಾಟ್ ಅದಕ್ಕೆ ಅಡ್ಡಿಯಲ್ಲ. ಮೊದಲೇ ಒಮ್ಮೆ ಒಳಗೆ ಹೋಗಿ ಪರೀಕ್ಷಿಸಿ, ಆಮೇಲೆ ಮುಂದುವರಿಯಿರಿ.

ಸಬ್‌ನೆಟ್‌ನ ಪುಟದಲ್ಲಿ ಜೋಡಣೆಯನ್ನು ತೆರೆದು, ಹೊಸ ಟೇಬಲ್ ಆರಿಸಿ ಉಳಿಸಿ. ಹಳೆಯದನ್ನು ಬಿಡಿಸಿ ಆಮೇಲೆ ಹೊಸದನ್ನು ಕಟ್ಟುವ ಎರಡು ಹೆಜ್ಜೆಯ ದಾರಿ ಬೇಡ. ಆ ನಡುವೆ ಸಬ್‌ನೆಟ್ ಮುಖ್ಯ ಟೇಬಲ್ಲಿಗೆ ಬೀಳುತ್ತದೆ. ಕಮಾಂಡ್ ಮೂಲಕ ಮಾಡುವವರಿಗೂ ಜೋಡಣೆಯನ್ನು ಒಂದೇ ಏಟಿಗೆ ಬದಲಿಸುವ ಕಮಾಂಡ್ ಇದೆ. ಅದು ಹೊಸ ಜೋಡಣೆ ಸಂಖ್ಯೆ ಕೊಡುತ್ತದೆ, ಬರೆದಿಟ್ಟುಕೊಳ್ಳಿ. ಹಿಂದಕ್ಕೆ ಹೋಗಬೇಕಾದರೆ ಅದೇ ಬೇಕು.

ಬದಲಾವಣೆಯ ಹೊತ್ತಿಗೆ ಹೊರಗಿನೊಡನೆ ತೆರೆದಿದ್ದ ಸಂಪರ್ಕಗಳು ಕಡಿದುಹೋಗುತ್ತವೆ, ಬಳಕೆ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ನಿಮ್ಮ ಸರ್ವರ್‌ನ ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟಿರುವ ಹೊರಗಿನ ಸೇವೆಗಳಿದ್ದರೆ ಅವರಿಗೆ ನ್ಯಾಟ್‌ನ ವಿಳಾಸವನ್ನು ಮುಂಚೆಯೇ ತಿಳಿಸಿ. ಸಬ್‌ನೆಟ್‌ಗಳು ಹಲವಿದ್ದರೆ ಒಂದನ್ನು ಬದಲಿಸಿ, ಕಾದು, ಇನ್ನೊಂದಕ್ಕೆ ಹೋಗಿ.

5. ಪರೀಕ್ಷಿಸಿ

ಸರ್ವರ್ ಒಳಗಿನಿಂದ, ಬಂದವರ ವಿಳಾಸವನ್ನು ತೋರಿಸುವ ಯಾವುದಾದರೂ ಹೊರಗಿನ ಸೇವೆಯನ್ನು ಕರೆಯಿರಿ. ನ್ಯಾಟ್‌ನ ವಿಳಾಸ ಕಂಡರೆ ಕೆಲಸ ಸರಿಯಾಗಿದೆ. ಕಾಣದಿದ್ದರೆ ಮೊದಲು ಹಳೆಯ ಟೇಬಲ್ಲಿಗೆ ಮರಳಿ ಜೋಡಿಸಿ, ಆಮೇಲೆ ಕಾರಣ ಹುಡುಕಿ. ಹಳೆಯದನ್ನು ಮುಟ್ಟಬೇಡಿ ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಟೇಬಲ್ಲಿನ ಸಾಲಿನ ಮುಂದೆ ‘ಬ್ಲ್ಯಾಕ್‌ಹೋಲ್’ ಎಂದಿದ್ದರೆ ಅದು ತೋರಿಸುತ್ತಿರುವ ಗೇಟ್‌ವೇ ಈಗ ಇಲ್ಲ ಎಂದರ್ಥ. ಸಾಲುಗಳೆಲ್ಲ ಸರಿಯಿದ್ದರೆ ನೆಟ್‌ವರ್ಕ್ ಎಸಿಎಲ್ (ಸಬ್‌ನೆಟ್‌ನ ಗಡಿಯಲ್ಲಿ ಬರುವುದನ್ನೂ ಹೋಗುವುದನ್ನೂ ತಡೆಯುವ ನಿಯಮಗಳ ಪಟ್ಟಿ) ನೋಡಿ. ಅದು ಹೋದದ್ದನ್ನು ನೆನಪಿಡುವುದಿಲ್ಲವಾದ್ದರಿಂದ ಮರಳಿ ಬರುವ ಉತ್ತರಗಳಿಗೆ 1024ರಿಂದ 65535ರವರೆಗಿನ ಪೋರ್ಟ್‌ಗಳು ತೆರೆದಿರಬೇಕು. ಡೇಟಾಬೇಸ್‌ನ ಸಬ್‌ನೆಟ್‌ನಲ್ಲಿಯೂ, ನ್ಯಾಟ್ ಇರುವ ಸಬ್‌ನೆಟ್‌ನಲ್ಲಿಯೂ. ಸೆಕ್ಯುರಿಟಿ ಗ್ರೂಪ್‌ನಲ್ಲಿ (ಸರ್ವರ್‌ಗೇ ಅನ್ವಯಿಸುವ ಅಂಥದೇ ನಿಯಮಗಳಲ್ಲಿ) ಎಲ್ಲವನ್ನೂ ತೆರೆದು ನೋಡುವ ಅಡ್ಡದಾರಿ ಹಿಡಿಯಬೇಡಿ. ದಾರಿಯ ತಪ್ಪು ಅದರಿಂದ ಸರಿಹೋಗುವುದಿಲ್ಲ, ತೆರೆದದ್ದನ್ನು ಮುಚ್ಚಲು ಮಾತ್ರ ಮರೆತುಹೋಗುತ್ತದೆ.

ಒಂದು ವಾರ ತೊಂದರೆಯಿಲ್ಲದೆ ನಡೆದರೆ ಡೇಟಾಬೇಸ್ ಸರ್ವರ್‌ಗೆ ಕೊಟ್ಟಿದ್ದ ಸ್ಥಿರ ಸಾರ್ವಜನಿಕ ವಿಳಾಸವನ್ನು ಬಿಡಿಸಿ ಮರಳಿಸಿ. 2024ರ ಫೆಬ್ರುವರಿ 1ರಿಂದ ಅಮೆಜಾನ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ, ಅದು ಬಳಕೆಯಲ್ಲಿರಲಿ ಇಲ್ಲದಿರಲಿ, ಗಂಟೆಗೆ 0.005 ಡಾಲರ್ ಪಡೆಯುತ್ತಿದೆ. ಹಳೆಯ ಟೇಬಲ್ಲಿಗೆ ಬೇರೆ ಸಬ್‌ನೆಟ್ ಯಾವುದೂ ಅಂಟಿಕೊಂಡಿಲ್ಲ ಎಂದು ಖಚಿತವಾದ ಮೇಲೆ ಅದನ್ನೂ ಅಳಿಸಬಹುದು.