ಕೈ ಬಿಡದೆ, ಕೈ ಮಾಡದೆ

ಜಗಳವೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಎದುರಿನವರ ದನಿ ಏರಿದ ಕೂಡಲೇ ನಾನು ಬಾಯಿ ಮುಚ್ಚಿಬಿಡುತ್ತಿದ್ದೆ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು 'ಮಾತಾಡದವನಿಗೆ ಜಗಳವಿಲ್ಲ' ಎಂದೇ ಅರ್ಥ ಮಾಡಿಕೊಂಡು ನಲವತ್ತು ವರ್ಷ ಕಳೆದಿದ್ದೆ. ಶಾಂತ ಸ್ವಭಾವದವನು ಎಂದು ಬಂಧುಗಳು ಹೊಗಳುತ್ತಿದ್ದರು, ನಾನೂ ನಂಬಿದ್ದೆ. ಆ ನಂಬಿಕೆ ಕುಸಿದದ್ದು ತಾಯ್ ಚಿ ಎಂಬ ಚೀನೀ ದೇಹಾಭ್ಯಾಸದ ತರಗತಿಯಲ್ಲಿ, ಗುರುಗಳ ಮಣಿಕಟ್ಟು ನನ್ನ ಮಣಿಕಟ್ಟನ್ನು ತಾಗಿದ ದಿನ.

ತರಗತಿಗೆ ಸೇರಿದ್ದು ಕುತ್ತಿಗೆ, ಭುಜಗಳ ಬಿಗಿತಕ್ಕಾಗಿ. ಮೊದಲ ವರ್ಷ ಕಲಿತದ್ದು 24 ಚಲನೆಗಳ ಸರಣಿ. 1956ರಲ್ಲಿ ಚೀನಾದ ಕ್ರೀಡಾ ಆಯೋಗವು ತಾಯ್ ಚಿಯ ಯಾಂಗ್ ಎಂಬ ಶೈಲಿಯಿಂದ ಆಯ್ದು, ಎಲ್ಲರಿಗೂ ಎಟಕುವಂತೆ ರೂಪಿಸಿದ ಸರಣಿ ಅದು. ಐದಾರು ನಿಮಿಷದಲ್ಲಿ ಮುಗಿಯುವುದಕ್ಕೆ ಒಂದು ವರ್ಷ ಬೇಕೇ ಎಂದು ಯಾರಾದರೂ ಕೇಳಿದರೆ, ನನಗೆ ಬೇಕಾಯಿತು ಎನ್ನುತ್ತೇನೆ. ಕ್ರಮ ಎರಡೇ ತಿಂಗಳಲ್ಲಿ ಬಂತು. ಉಳಿದ ಹತ್ತು ತಿಂಗಳು ಹೋದದ್ದು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ ಸಾಗಿಸುವುದಕ್ಕೆ. ಖಾಲಿಯಾದ ಕಾಲನ್ನೇ ಎತ್ತಬೇಕು. ಭಾರ ಉಳಿದಿರುವಾಗ ಎತ್ತಿದರೆ ಮೈ ವಾಲುತ್ತದೆ. ಎರಡೂ ಕಾಲುಗಳಿಗೆ ಭಾರ ಹಂಚಿ ಗಟ್ಟಿಯಾಗಿ ಊರಿ ನಿಂತವನು ಬಲಶಾಲಿಯಂತೆ ಕಾಣುತ್ತಾನೆ, ಆದರೆ ಅತ್ತಿತ್ತ ಕದಲಲಾರ. ಮಂಡಿ ಕಾಲ್ಬೆರಳ ತುದಿಯನ್ನು ದಾಟಬಾರದು, ಒಳಕ್ಕೆ ವಾಲಬಾರದು ಎಂಬುದನ್ನು ಗಮನಿಸದೆ ಮೊದಲ ತಿಂಗಳು ಮಂಡಿನೋವನ್ನೂ ಅನುಭವಿಸಿದೆ. ಹೊಸಬರು ಇದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಲಿ.

ಈ ಕಲೆಯ ಪೂರ್ಣ ಹೆಸರು ತಾಯ್ ಚಿ ಚ್ವಾನ್. 'ಚ್ವಾನ್' ಎಂದರೆ ಮುಷ್ಟಿ. ಹಿರಿಯರು ಮುಂಜಾನೆ ನಿಧಾನವಾಗಿ ಮಾಡುವ ವ್ಯಾಯಾಮವೆಂದೇ ನಾವು ಅದನ್ನು ನೋಡಿರುತ್ತೇವೆ. ಹುಟ್ಟಿನಿಂದ ಅದು ಕಾದಾಟದ ಕಲೆ. ಇಬ್ಬರು ಸೇರಿ ಮಾಡುವ 'ಟುಯ್ ಶೋ', ಅಂದರೆ ಕೈಗಳಿಂದ ತಳ್ಳುವ ಅಭ್ಯಾಸಕ್ಕೆ ಬಂದಾಗ ಅದು ಗೊತ್ತಾಗುತ್ತದೆ. ಒಂದು ಕಾಲು ಮುಂದಿಟ್ಟು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಬೇಕು. ಒಬ್ಬರು ಎದೆಯ ಕಡೆಗೆ ಮೆಲ್ಲಗೆ ತಳ್ಳುತ್ತಾರೆ. ಇನ್ನೊಬ್ಬರು ಭಾರವನ್ನು ಹಿಂಗಾಲಿಗೆ ತಂದು, ಸೊಂಟ ತಿರುಗಿಸಿ, ಬಂದ ಬಲವನ್ನು ಪಕ್ಕಕ್ಕೆ ಹೋಗಗೊಟ್ಟು, ಬಳಿಕ ತಾವು ತಳ್ಳುತ್ತಾರೆ. ಕೈಗಳು ಬಿಡುವಿಲ್ಲದೆ ವೃತ್ತ ಬರೆಯುತ್ತಿರುತ್ತವೆ.

ಗುರುಗಳು ಅರವತ್ತು ದಾಟಿದ ಮಹಿಳೆ. ಅವರು ತಳ್ಳಿದಾಗ ನಾನು ಮೊದಲು ತೋಳು ಬಿಗಿಹಿಡಿದೆ. ಅವರು ಆ ಬಿಗಿತವನ್ನೇ ಹಿಡಿಕೆಯಂತೆ ಬಳಸಿ ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸಿದರು. ಮರುಸಲ ತೋಳನ್ನು ಪೂರ್ತಿ ಸಡಿಲ ಬಿಟ್ಟೆ. ಅವರ ಅಂಗೈ ನೇರವಾಗಿ ನನ್ನ ಎದೆಗೆ ಬಂದು ನಿಂತಿತು. "ಈಗ ನೀವು ಇಲ್ಲಿ ಇಲ್ಲವೇ ಇಲ್ಲ," ಎಂದರು. "ಕೈಗೆ ಬಲ ಕೊಡಬೇಡಿ, ಕೈ ಬಿಡಲೂ ಬೇಡಿ."

ಇದು ಅವರ ಸ್ವಂತ ಮಾತಲ್ಲ. 'ಬು ಡ್ಯು, ಬು ಡಿಂಗ್' ಎಂಬ ಹಳೆಯ ಸೂತ್ರ: ಸಂಪರ್ಕ ಕಳೆದುಕೊಳ್ಳಬೇಡ, ಎದುರೊತ್ತಬೇಡ. ಎರಡೂ ಒಂದೇ ತೂಕದ ತಪ್ಪುಗಳು. ಎದುರೊತ್ತುವುದು ತಪ್ಪೆಂದು ನನಗೆ ಗೊತ್ತಿತ್ತು. ಹಿಂದೆ ಸರಿದು ಮಾಯವಾಗುವುದೂ ಅಷ್ಟೇ ದೊಡ್ಡ ತಪ್ಪು ಎಂದು ಯಾರೂ ಹೇಳಿರಲಿಲ್ಲ. 'ಸೋಂಗ್' ಎಂಬ ಸಡಿಲತೆಯನ್ನು ಜೋತುಬೀಳುವುದೆಂದು ತಿಳಿದಿದ್ದೆ. ಸೋಂಗ್‌ನಲ್ಲಿ ಸ್ನಾಯುಗಳ ಬಿಗಿ ಕರಗುತ್ತದೆ, ಆದರೆ ಬೆನ್ನು ನೆಟ್ಟಗಿರುತ್ತದೆ, ಚರ್ಮ ಎದುರಿನವರನ್ನು ಆಲಿಸುತ್ತಿರುತ್ತದೆ.

ಆ ರಾತ್ರಿ ನನಗೆ ಅಕ್ಕ ನೆನಪಾದಳು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನೋಡಿಕೊಳ್ಳುತ್ತಿದ್ದವಳು ಅವಳು. ನಾನು ದೂರದಿಂದ ಹಣ ಕಳಿಸುತ್ತಿದ್ದೆ. ಅವಳು ಫೋನಿನಲ್ಲಿ ರೇಗುತ್ತಿದ್ದಳು, ನಾನು 'ಸರಿ', 'ಆಯಿತು' ಎಂದು ಮಾತು ಮುಗಿಸುತ್ತಿದ್ದೆ. "ಜಗಳವನ್ನಾದರೂ ಆಡು, ಮಾರಾಯ," ಎಂದು ಒಮ್ಮೆ ಕೂಗಿದ್ದಳು. ಎರಡು ವರ್ಷ ಅವಳ ಅಂಗೈ ನನ್ನ ಖಾಲಿ ತೋಳನ್ನು ದಾಟಿ ಬರುತ್ತಿತ್ತು, ಅಲ್ಲಿ ಯಾರೂ ಇರುತ್ತಿರಲಿಲ್ಲ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಮೊಬೈಲಿನಲ್ಲಿ ಅವಳ ಹೆಸರು ಕಂಡ ತಕ್ಷಣ ಎದ್ದು ನಿಲ್ಲುತ್ತೇನೆ. ಒಂದು ಕಾಲು ಮುಂದಿಟ್ಟು, ಮಂಡಿಗಳನ್ನು ಸಡಿಲಿಸಿ, ಒಂದು ದೀರ್ಘ ಉಸಿರು ಬಿಟ್ಟು ಭುಜ ಇಳಿಸಿಕೊಳ್ಳುತ್ತೇನೆ. ಆಮೇಲೆಯೇ ಕರೆ ಸ್ವೀಕರಿಸುವುದು. ಅವಳ ಮಾತು ಚುರುಕಾದಾಗ ಭಾರ ಹಿಂಗಾಲಿಗೆ ಸರಿಯಲಿ ಎಂದು ಬಿಡುತ್ತೇನೆ. ಮೈ ಹಿಂದೆ ಹೋದರೂ ಕಿವಿ ಅವಳ ಬಳಿಯೇ ಉಳಿಯಬೇಕು. ನನಗೆ ಕಷ್ಟವಾಗಿದ್ದದ್ದು ಇದೇ.

ಹಾಗೆ ನಿಂತು ಮಾತಾಡಿದ ಮೊದಲ ಸಲ ಅವಳು, "ಇಲ್ಲಿಯ ರಾತ್ರಿಗಳು ಹೇಗಿರುತ್ತವೆಂದು ನಿನಗೆ ಗೊತ್ತೇ?" ಎಂದಳು. ಭುಜ ಕಿವಿಯತ್ತ ಏರಿತು. ಅದನ್ನು ಇಳಿಸಿ, "ಗೊತ್ತಿಲ್ಲ ಅಕ್ಕ. ನಿನ್ನೆ ರಾತ್ರಿ ಏನಾಯಿತು, ಹೇಳು," ಎಂದೆ. ಅವಳು ಇಪ್ಪತ್ತು ನಿಮಿಷ ಹೇಳಿದಳು. ಅಮ್ಮ ಎಷ್ಟು ಬಾರಿ ಎದ್ದರು, ಹೇಗೆ ಎತ್ತಿ ಕೂರಿಸಬೇಕು, ಬೆಳಿಗ್ಗೆ ತನ್ನ ಬೆನ್ನು ಹೇಗಿರುತ್ತದೆ. ನಾನು ಹಣದ ಜಗಳವೆಂದು ತಿಳಿದಿದ್ದದ್ದು ನಿದ್ದೆಯ ಜಗಳವಾಗಿತ್ತು.

ಆಮೇಲೆ ಅತಿ ಮಾಡಿದೆ. ಬಂದ ಬಲವನ್ನು ಹರಿಯಗೊಡುವ 'ಲು' ಎಂಬ ಚಲನೆ ಕೈಗೆ ಹತ್ತಿದ ಸಂತೋಷದಲ್ಲಿ, ಮಾತಿನಲ್ಲೂ ಅದೊಂದನ್ನೇ ಮಾಡತೊಡಗಿದೆ. ಅವಳು ಏನೇ ಹೇಳಲಿ, ಅದನ್ನೇ ಮರಳಿ ಹೇಳಿ, ಮತ್ತೊಂದು ಪ್ರಶ್ನೆ ಕೇಳುತ್ತಿದ್ದೆ. ಒಂದು ದಿನ ಅವಳು, "ನನ್ನ ಮಾತನ್ನು ನನಗೇ ಒಪ್ಪಿಸಬೇಡ. ನಿನ್ನ ಮಾತು ಎಲ್ಲಿದೆ?" ಎಂದಳು. ಸರಿಯಾಗಿಯೇ ಕೇಳಿದಳು. ತಾಯ್ ಚಿಯ ಮೂಲ ಬಲಗಳು ನಾಲ್ಕು: ಪೆಂಗ್, ಲು, ಜಿ, ಮತ್ತು ತಳ್ಳುವ ಅನ್. ಲು ಆದ ಮೇಲೆ ಮುಂದೊತ್ತುವ ಜಿ ಬರದಿದ್ದರೆ ವೃತ್ತ ಅರ್ಧಕ್ಕೇ ನಿಲ್ಲುತ್ತದೆ. ಮೊದಲನೆಯದಾದ ಪೆಂಗ್ ಉಳಿದೆಲ್ಲದರ ಒಳಗೂ ಇರಬೇಕು. ಗಾಳಿ ತುಂಬಿದ ಚೆಂಡನ್ನು ಒತ್ತಿದರೆ ಅದು ತಗ್ಗುತ್ತದೆ, ಆದರೆ ಕುಸಿಯುವುದಿಲ್ಲ. ಪೆಂಗ್ ಅಂಥದ್ದು. ಮಾತಿನಲ್ಲಿ ಅದನ್ನು ತರುವುದಕ್ಕೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಸರಣಿಯಲ್ಲಿ 'ಕೋತಿಯನ್ನು ಹಿಮ್ಮೆಟ್ಟಿಸುವುದು' ಎಂಬ ಚಲನೆಯಿದೆ. ಕಾಲು ಹಿಂದಕ್ಕೆ ಹೆಜ್ಜೆ ಇಡುವಾಗಲೇ ಕೈ ಮುಂದಕ್ಕೆ ತಳ್ಳುತ್ತದೆ. ನನಗೆ ಬಲು ಪ್ರಿಯವಾದ ಚಲನೆ. ಅದನ್ನು ಮಾಡುತ್ತಾ ಮಾಡುತ್ತಾ, ಹೇಳಬೇಕಾದ ಮಾತು ಸಿಕ್ಕಿತು. "ಅಕ್ಕ, ಕೆಲಸ ಬಿಟ್ಟು ಅಲ್ಲಿಗೆ ಬಂದು ನೆಲೆಸಲು ನನ್ನಿಂದಾಗದು. ಮೂರು ತಿಂಗಳಿಗೊಮ್ಮೆ ಒಂದು ತಿಂಗಳು ಪೂರ್ತಿ ಅಮ್ಮನ ಜೊತೆ ನಾನಿರುತ್ತೇನೆ. ಆ ತಿಂಗಳ ರಾತ್ರಿಗಳೂ ನನ್ನವೇ." ಅವಳಿಗೆ ಅದು ಸಾಲದೆನಿಸಿತು, ಫೋನ್ ಇಟ್ಟುಬಿಟ್ಟಳು. ಎರಡು ವಾರ ಅವಳು ಕರೆ ಮಾಡಲಿಲ್ಲ. ಮೊದಲಾದರೆ ನಾನು ಆ ಮೌನವನ್ನು ಸ್ವಾಗತಿಸುತ್ತಿದ್ದೆ. ಈ ಸಲ ದಿನ ಬಿಟ್ಟು ದಿನ ನಾನೇ ಅವಳಿಗೆ ಕರೆ ಮಾಡಿ ಅಮ್ಮ ಹೇಗಿದ್ದಾರೆಂದು ಕೇಳಿದೆ, ಅವಳು ಹೇಗಿದ್ದಾಳೆಂದೂ ಕೇಳಿದೆ.

ಇದರಿಂದ ನನಗೆ ಸಿಟ್ಟು ಬರುವುದು ನಿಂತಿದೆ ಎಂದು ತಿಳಿಯಬೇಡಿ. ಬೆಳಗಿನ ಇಪ್ಪತ್ತು ನಿಮಿಷದ ಅಭ್ಯಾಸದ ನಡುವೆಯೇ ಮನಸ್ಸು ಯಾರೊಂದಿಗೋ ವಾದಕ್ಕಿಳಿಯುತ್ತದೆ, ಯಾವ ಚಲನೆಯಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಆಗ ಮೊದಲಿನಿಂದ ಶುರುಮಾಡುತ್ತೇನೆ. ಎರಡನೆಯ ಸಲವೂ ಹಾಗೇ ಆದರೆ ಸರಣಿ ಬಿಟ್ಟು, ಮರವನ್ನು ತಬ್ಬಿದಂತೆ ತೋಳು ದುಂಡಗಿಟ್ಟು ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ತೊಡೆ ನಡುಗಲು ಶುರುವಾದಾಗ ವಾದ ತಾನಾಗಿ ತೆಳುವಾಗುತ್ತದೆ. ಮೊದಲು ಸಿಟ್ಟು ಬಾಯಿಗೆ ಬಂದ ಮೇಲೆ ತಿಳಿಯುತ್ತಿತ್ತು, ಈಗ ಭುಜದಲ್ಲಿರುವಾಗಲೇ ಸಿಗುತ್ತದೆ. ನಡುವಿನ ಆ ಎರಡು ಉಸಿರೇ ನನ್ನ ಗಳಿಕೆ. ಹೊಡೆತ, ಬೆದರಿಕೆ ಇರುವ ಕಡೆ ಮಾತ್ರ ಇದನ್ನು ಪ್ರಯೋಗಿಸಲು ಯಾರಿಗೂ ಹೇಳಲಾರೆ. ಅಲ್ಲಿಂದ ಹೊರಬರುವುದೇ ಮೊದಲ ಕೆಲಸ.

ಬರುವ ತಿಂಗಳು ನನ್ನ ಸರದಿ. ಅಮ್ಮನ ಮಾತ್ರೆಗಳ ಪಟ್ಟಿಯನ್ನು ಅಕ್ಕ ಈಗಾಗಲೇ ಮೂರು ಸಲ ಹೇಳಿದ್ದಾಳೆ. ನಿನ್ನೆ ನಾಲ್ಕನೆಯ ಸಲ ಶುರುಮಾಡಿದಾಗ ಭುಜ ತುಸು ಏರಿತು. ಇಳಿಸಿಕೊಂಡು, ಪೆನ್ನು ತೆಗೆದು, ಮತ್ತೆ ಮೊದಲಿನಿಂದ ಬರೆದುಕೊಂಡೆ. ಈ ಸಲ ಅವಳು ಹಿಂದೆ ಹೇಳಿರದ ಒಂದು ಮಾತ್ರೆಯೂ ಇತ್ತು.